ಪೂರ್ತಿ ಓದದ ಪುಸ್ತಕಕ್ಕೆ ಬಂದ ಪ್ರಶಸ್ತಿ

ಹದಿಮೂರು ವರ್ಷಗಳಿಂದ ನಾನು ದೆಹಲಿಯ ಒಂದು ಇಂಗ್ಲಿಷ್ ದಿನಪತ್ರಿಕೆಗೆ ಕನ್ನಡ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದೇನೆ. ಅದು ನನ್ನ ಉದ್ಯೋಗವಲ್ಲ. ಉದ್ಯೋಗ ಗ್ರೇಟರ್ ನೋಯ್ಡಾದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅರ್ಜಿ ಬರೆಯುವುದು, ವರದಿ ಬರೆಯುವುದು, ಸಂದರ್ಶನದಲ್ಲಿ ಮಾತಾಡುವುದು, ಇಷ್ಟಕ್ಕೆ ಬೇಕಾದ ಇಂಗ್ಲಿಷ್ ಕಲಿಸುತ್ತೇನೆ. ಮನೆ ಘಾಜಿಯಾಬಾದಿನಲ್ಲಿ. ನಾಲ್ಕು ಜನ ಅಧ್ಯಾಪಕರು ಸೇರಿ ಒಂದೇ ಕಾರಿನಲ್ಲಿ ಹೋಗಿಬರುತ್ತೇವೆ. ಹೋಗಲು ಒಂದು ಗಂಟೆ, ಬರಲು ಎಷ್ಟು ಹೊತ್ತಾದರೂ ಆಗಬಹುದು. ಪುಸ್ತಕ ಓದುವುದು ಆ ಕಾರಿನ ಹಿಂದಿನ ಸೀಟಿನಲ್ಲಿ. ಬರೆಯುವುದು ಭಾನುವಾರ ಬೆಳಿಗ್ಗೆ, ಊಟದ ಮೇಜಿನ ಮೇಲೆ.

ಪತ್ರಿಕೆಯಲ್ಲಿ ನನ್ನ ಜಾಗ ಶನಿವಾರದ ಪುಟದ ಕೆಳಗಿನ ಎಡಮೂಲೆ. ನಾನೂರು ಪದ. ಮೇಲೆ ಯಾವುದೋ ದೊಡ್ಡ ಇಂಗ್ಲಿಷ್ ಕಾದಂಬರಿ, ಅದರ ಪಕ್ಕದಲ್ಲಿ ಲೇಖಕರು ಗಲ್ಲಕ್ಕೆ ಕೈಕೊಟ್ಟು ಕೂತ ಫೋಟೊ. ಕೆಳಗಿನ ಮೂಲೆಯಲ್ಲಿ ಒಂದು ವಾರ ತಮಿಳು, ಒಂದು ವಾರ ಮರಾಠಿ, ಸರದಿ ಬಂದಾಗ ಕನ್ನಡ. ಆ ಮೂಲೆಯನ್ನು ಯಾರೂ ಓದುವುದಿಲ್ಲ ಎಂದೇ ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಹಾಗೆ ನಂಬಿದ್ದು ನನಗೆ ಅನುಕೂಲವೂ ಆಗಿತ್ತು. ಯಾರೂ ಓದದ ಕಡೆ ಸ್ವಲ್ಪ ಹೆಚ್ಚುಕಡಿಮೆ ಬರೆದರೆ ಯಾರಿಗೇನು ನಷ್ಟ?

ಹೋದ ವರ್ಷಕ್ಕೂ ಹಿಂದಿನ ವರ್ಷದ ನವೆಂಬರಿನಲ್ಲಿ ಒಂದು ಕವನ ಸಂಕಲನ ಬಂತು. ಕವಿಗೆ ಮೂವತ್ತರ ಆಸುಪಾಸು, ಗುರುಗ್ರಾಮದ ಯಾವುದೋ ಕಂಪನಿಯಲ್ಲಿ ಕೆಲಸ. ಬೆಂಗಳೂರಿನ ಒಳ್ಳೆಯ ಪ್ರಕಾಶಕರು ತಂದ ಪುಸ್ತಕ, ಮುಖಪುಟ ಚೆನ್ನಾಗಿತ್ತು. ಪುಸ್ತಕದ ಜೊತೆ ಒಂದು ಪುಟದ ಪರಿಚಯವೂ, ಅಚ್ಚಿಗೆ ಸಿದ್ಧವಾದ ಫೋಟೊದ ಲಿಂಕೂ ಇತ್ತು. ಇವೆಲ್ಲ ಚಿಕ್ಕ ಸಂಗತಿ ಅನ್ನಿಸಬಹುದು. ಆದರೆ ಪುಟ ಕಟ್ಟುವವರಿಗೆ ಫೋಟೊ ಹುಡುಕುವ ತಲೆನೋವು ತಪ್ಪಿದರೆ ಆ ಪುಸ್ತಕದ ಸರದಿ ಮುಂದಕ್ಕೆ ಬರುತ್ತದೆ. ಪುಟ ನೋಡಿಕೊಳ್ಳುವ ಸಂಪಾದಕಿ ನನಗಿಂತ ಚಿಕ್ಕವಳು, ಲಖನೌ ಕಡೆಯವಳು, ಒಬ್ಬಳೇ ಮೂರು ಪುಟ ನೋಡಿಕೊಳ್ಳುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಫೋನ್ ಮಾಡಿ, "ದೀದಿ, ಈ ಶನಿವಾರಕ್ಕೆ ಇದನ್ನೇ ಕೊಟ್ಟುಬಿಡಿ, ಫೋಟೊ ಇದೆ," ಅಂದಳು.

ಅದು ಪರೀಕ್ಷೆಯ ಸಮಯ. ಮನೆತುಂಬ ಉತ್ತರಪತ್ರಿಕೆಗಳು. ಹೊರಗೆ ಹೊಗೆ ಕವಿದು, ಕಾರಿನಲ್ಲಿ ಕಿಟಕಿ ಮುಚ್ಚಿ ಕೂತರೂ ಕಣ್ಣುರಿ. ಪುಸ್ತಕದಲ್ಲಿ ನಲವತ್ತನೆಯ ಪುಟದ ತನಕ ಓದಿದೆ. ಅದರಲ್ಲಿ ಒಂದು ಕವಿತೆ ನಿಜವಾಗಿ ಇಷ್ಟವಾಯಿತು. ಕೆಟ್ಟುನಿಂತ ಲಿಫ್ಟಿನಲ್ಲಿ ಪರಿಚಯವಿಲ್ಲದ ಐದು ಜನ ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುವ ಕವಿತೆ. ಉಳಿದವು ಕೆಟ್ಟದ್ದೇನಲ್ಲ, ನೆನಪಿನಲ್ಲಿ ನಿಲ್ಲುವಂಥವೂ ಅಲ್ಲ. ಉಳಿದರ್ಧ ನಾಳೆ ಓದೋಣ ಎಂದುಕೊಂಡೆ. ನಾಳೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಕೂತು ನಾನೂರು ಪದ ಬರೆದು ಕಳಿಸಿಬಿಟ್ಟೆ. ಕೊನೆಯ ವಾಕ್ಯದಲ್ಲಿ, ಕನ್ನಡ ಕಾವ್ಯಕ್ಕೆ ಒಂದು ಹೊಸ ಕಿವಿ ಸಿಕ್ಕಿದೆ ಎಂಬ ಅರ್ಥದ ಮಾತು ಬರೆದೆ. ಆ ಮಾತಿಗೆ ಏನರ್ಥ ಎಂದು ನನಗೇ ಗೊತ್ತಿರಲಿಲ್ಲ. ಚೆನ್ನಾಗಿ ಕೇಳಿಸುತ್ತಿತ್ತು, ಬರೆದೆ.

ಆಮೇಲೆ ಆ ಕಿವಿ ತನ್ನಷ್ಟಕ್ಕೆ ತಾನು ಓಡಾಡಲು ಶುರುಮಾಡಿತು. ಮೂರು ವಾರದಲ್ಲಿ ಬೆಂಗಳೂರಿನ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಿಮರ್ಶೆ ಬಂತು, 'ಹೊಸ ಕಿವಿಯ ಕವಿ' ಎಂದು ಶೀರ್ಷಿಕೆ. ಇನ್ನೊಂದು ಪತ್ರಿಕೆ ಸಂದರ್ಶನ ಮಾಡಿತು. 'ದೆಹಲಿಯ ಪತ್ರಿಕೆಗಳೂ ಗಮನಿಸಿವೆ' ಎಂದು ಅದರಲ್ಲಿತ್ತು. ಗಮನಿಸಿದ ದೆಹಲಿ ಪತ್ರಿಕೆಗಳೆಂದರೆ ಘಾಜಿಯಾಬಾದಿನ ನನ್ನ ಊಟದ ಮೇಜು. ಎರಡನೆಯ ಮುದ್ರಣದ ಬೆನ್ನಪುಟದ ಮೇಲೆ ನನ್ನ ವಾಕ್ಯ, ಪತ್ರಿಕೆಯ ಹೆಸರಿನ ಸಮೇತ. ಒಂದು ಉತ್ಸವಕ್ಕೆ ಆತನನ್ನು ಕರೆದರು, ಅಲ್ಲಿಂದ ಇನ್ನೊಂದಕ್ಕೆ. ಇದನ್ನೆಲ್ಲ ನೋಡಿ ನನಗೆ ನಾಚಿಕೆಯೇನೂ ಆಗಲಿಲ್ಲ ಎಂಬುದನ್ನೂ ಬರೆಯಬೇಕು. ಖುಷಿಯೇ ಆಯಿತು. ನನ್ನ ಮೂಲೆಯನ್ನೂ ಯಾರೋ ಓದುತ್ತಾರೆ ಎಂಬ ಖುಷಿ.

ಅದೇ ನವೆಂಬರಿನಲ್ಲಿ, ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ಸುಮಾರು ಅರವತ್ತು ವರ್ಷದ ಒಬ್ಬ ಹೆಂಗಸು ನನ್ನ ಕೈಗೆ ಒಂದು ತೆಳ್ಳಗಿನ ಪುಸ್ತಕ ಕೊಟ್ಟಿದ್ದರು. ಕುಂದಾಪುರದ ಕಡೆಯವರು. ದೆಹಲಿಯ ರೋಹಿಣಿ ಬಡಾವಣೆಯಲ್ಲಿ ಅವರ ಮನೆಯವರ ಹೋಟೆಲು. ಗಂಡ, ಮೈದುನ, ಈಗ ಮಗ, ಎಲ್ಲರೂ ಅದರಲ್ಲೇ. ಹಿಟ್ಟು ರುಬ್ಬಿಸುವುದು, ಚಟ್ನಿ ಸಾಂಬಾರಿನ ಹದ ನೋಡುವುದು ಇವರ ಪಾಲು. "ಓದಿ ನೋಡಿ. ಪುರುಸೊತ್ತಿದ್ದರೆ ಮಾತ್ರ," ಎಂದರು. ಪುಸ್ತಕವನ್ನು ತಾವೇ ಅಚ್ಚು ಹಾಕಿಸಿದ್ದರು. ಮುಖಪುಟದಲ್ಲಿ ಒಂದು ದೀಪದ ಚಿತ್ರ, ಮದುವೆ ಪತ್ರಿಕೆಯಲ್ಲಿ ಇರುವಂಥದ್ದು. ಬ್ಯಾಗಿಗೆ ಹಾಕಿಕೊಂಡೆ. ಫೆಬ್ರವರಿ ತನಕ ಅದು ಬ್ಯಾಗಿನಲ್ಲೇ ಇತ್ತು.

ಫೆಬ್ರವರಿಯಲ್ಲಿ ಒಂದು ಮದುವೆಗೆಂದು ದೆಹಲಿಯ ಆ ತುದಿಯ ಪೀತಂಪುರಕ್ಕೆ ಹೋಗಬೇಕಾಯಿತು. ಮೆಟ್ರೋದಲ್ಲಿ ಓದಲು ಬೇರೇನೂ ಇರಲಿಲ್ಲ, ತೆಗೆದೆ. ಶಾಹದರಾ ದಾಟುವಷ್ಟರಲ್ಲಿ ನೆಟ್ಟಗೆ ಕೂತಿದ್ದೆ. ಒಂದು ಕವಿತೆ ಕಿವಿ ಮಂದವಾಗುತ್ತಿರುವ ಗಂಡನ ಕುರಿತಾದದ್ದು. ಇವರು ಒಂದು ಹೇಳುತ್ತಾರೆ, ಅವರಿಗೆ ಇನ್ನೊಂದು ಕೇಳಿಸುತ್ತದೆ. ಕವಿತೆಯ ತುಂಬ ಅದೇ, ಹೆಚ್ಚಿನ ಒಂದು ಮಾತಿಲ್ಲ.

ಮಳೆ ಬಂತು ಅಂದೆ.
ಯಾರು ಬಂದರು ಅಂದರು.
ಮಳೆಯನ್ನು ಒಳಗೆ ಕರೆದು ಕೂರಿಸಿದೆ,
ಕಾಫಿ ಕುಡಿಯುತ್ತೀರಾ ಅಂದೆ.

ಪೀತಂಪುರ ದಾಟಿಹೋಯಿತು. ರಿಠಾಲಾದಲ್ಲಿ, ಗಾಡಿ ಮುಂದಕ್ಕೆ ಹೋಗುವುದಿಲ್ಲ ಎಂದು ಘೋಷಿಸಿದಾಗ ತಲೆ ಎತ್ತಿದೆ. ಮದುವೆಯಲ್ಲಿ ಊಟ ಮುಗಿಯುವ ಹೊತ್ತಿಗೆ ತಲುಪಿದೆ.

ಮರುದಿನವೇ ಸಂಪಾದಕಿಗೆ ಫೋನ್ ಮಾಡಿದೆ. ಮುಂದಿನ ಸರದಿಗೆ ಒಂದು ಕವನ ಸಂಕಲನ ಇದೆ, ಇಷ್ಟು ವರ್ಷದಲ್ಲಿ ಇಂಥದ್ದು ಓದಿಲ್ಲ ಎಂದೆ.

"ಅಚ್ಛಾ, ಪ್ರಕಾಶಕರು ಯಾರು ದೀದಿ?"

"ಅವರೇ."

"ಅಂದರೆ ಸ್ವಂತ ಖರ್ಚಿನದಾ? ಅದನ್ನು ನಾವು ಮಾಡುವುದಿಲ್ಲ, ನಿಮಗೆ ಗೊತ್ತು. ಒಂದು ಮಾಡಿದರೆ ನಾಳೆ ನೂರು ಜನ ಬರುತ್ತಾರೆ." ಸ್ವಲ್ಪ ಯೋಚಿಸಿ, "ಬೇರೆ ಎಲ್ಲಾದರೂ ಬಂದಿದೆಯಾ? ಕನ್ನಡ ಪೇಪರಿನಲ್ಲಾದರೂ? ಒಂದು ಕಡೆ ಬಂದಿದ್ದರೆ ನಾನು ಮೇಲಿನವರ ಹತ್ತಿರ ಮಾತಾಡಬಹುದು," ಎಂದಳು.

"ಇಲ್ಲ, ಎಲ್ಲೂ ಬಂದಿಲ್ಲ."

"ಹಾಗಾದರೆ ಕಷ್ಟ."

ನಾನು ಜಗಳವಾಡಬಹುದಿತ್ತು. ಇದನ್ನು ಹಾಕದಿದ್ದರೆ ಮುಂದೆ ಬರೆಯುವುದಿಲ್ಲ ಎನ್ನಬಹುದಿತ್ತು. "ಸರಿ, ಬೇರೆ ನೋಡ್ತೀನಿ," ಎಂದು ಫೋನ್ ಇಟ್ಟೆ. ಆ ಸರದಿಗೆ ಇನ್ನೊಂದು ಪುಸ್ತಕ ಸಿಕ್ಕಿತು, ಅದಕ್ಕೆ ಫೋಟೊ ಇತ್ತು. ಪುಸ್ತಕ ಕೊಟ್ಟಿದ್ದ ರೋಹಿಣಿಯ ಆ ಅಕ್ಕನಿಗೆ ಒಂದು ಫೋನನ್ನೂ ಮಾಡಲಿಲ್ಲ. ಓದಿದೆ, ಚೆನ್ನಾಗಿದೆ ಎಂದಷ್ಟೇ ಹೇಳಿದರೆ, ಎಲ್ಲಿ ಬರೆಯುತ್ತೀರಿ ಎಂದು ಕೇಳಿಬಿಡುತ್ತಾರೆ ಎಂಬ ಭಯ.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಪತ್ರ ಬಂತು. ದೆಹಲಿಯ ಒಂದು ಖಾಸಗಿ ಟ್ರಸ್ಟಿನವರು ಪ್ರತಿವರ್ಷ ಹಲವು ಭಾರತೀಯ ಭಾಷೆಗಳ ಹೊಸ ಕವನ ಸಂಕಲನಗಳಿಗೆ ಪ್ರಶಸ್ತಿ ಕೊಡುತ್ತಾರೆ. ಆ ವರ್ಷ ಕನ್ನಡದ ಪುಸ್ತಕಗಳನ್ನು ಓದಿ ಶಿಫಾರಸು ಮಾಡಲು ನನ್ನನ್ನು ಕರೆದಿದ್ದರು. ಒಪ್ಪಿಕೊಂಡೆ. ಮನೆಗೆ ಒಂದು ಫೈಲು, ಮೂರು ಪುಸ್ತಕ ಬಂದವು. ಕನ್ನಡದಲ್ಲಿ ಒಂದು ವರ್ಷಕ್ಕೆ ಎಷ್ಟು ಕವನ ಸಂಕಲನ ಬರುತ್ತವೆ ಎಂಬುದು ಓದುವವರಿಗೆಲ್ಲ ಗೊತ್ತು, ಇಲ್ಲಿ ಮೂರೇ. ಯಾಕೆಂದು ಫೈಲಿನಲ್ಲಿದ್ದ ನಿಯಮಾವಳಿ ಹೇಳಿತು. ಮುಖ್ಯ ಪತ್ರಿಕೆಗಳಲ್ಲಿ ಕನಿಷ್ಠ ಎರಡು ವಿಮರ್ಶೆ ಬಂದ ಪುಸ್ತಕಗಳನ್ನು ಮಾತ್ರ ಪರಿಗಣಿಸಲಾಗುತ್ತದೆ. ಪ್ರತಿ ಪುಸ್ತಕಕ್ಕೂ ಪತ್ರಿಕೆಯ ತುಣುಕುಗಳ ಜೆರಾಕ್ಸ್ ಲಗತ್ತಿಸಿದ್ದರು. ಗುರುಗ್ರಾಮದ ಯುವಕನ ಪುಸ್ತಕಕ್ಕೆ ತುಣುಕುಗಳು ಎಲ್ಲಕ್ಕಿಂತ ಹೆಚ್ಚು. ಎಲ್ಲಕ್ಕಿಂತ ಮೇಲೆ ನನ್ನದು, ಕೊನೆಯ ವಾಕ್ಯದ ಕೆಳಗೆ ಯಾರೋ ಹಳದಿ ಗೆರೆ ಎಳೆದಿದ್ದರು.

ಈ ಸಲವಾದರೂ ಪೂರ್ತಿ ಓದಬೇಕೆಂದು ಕೂತೆ. ರಜೆ ಹಾಕಿ, ಟ್ರಸ್ಟಿನವರು ಕಳಿಸಿದ್ದ ಆತನ ಪುಸ್ತಕವನ್ನು ಒಂದು ಇಡೀ ದಿನ ಓದಿದೆ. ನಲವತ್ತೆಂಟನೆಯ ಪುಟದ ನಂತರ ಒಂದು ದೀರ್ಘ ಕವಿತೆ ಶುರುವಾಯಿತು. ಮಗನ ಮನೆಗೆ ದೆಹಲಿಗೆ ಬಂದ ತಾಯಿ ತರಕಾರಿ ಗಾಡಿಯವನ ಹತ್ತಿರ ಹಿಂದಿ ಕಲಿಯುವ ಕವಿತೆ. 'ಭಯ್ಯಾ' ಎಂಬ ಮಾತೊಂದೇ ಮೊದಲು ಬರುತ್ತದೆ ಆಕೆಗೆ. ಆ ಒಂದು ಮಾತಿನಲ್ಲೇ ಬೈಯುತ್ತಾಳೆ, ಚೌಕಾಸಿ ಮಾಡುತ್ತಾಳೆ, ಒಂದು ದಿನ ಆ ಮನುಷ್ಯನ ಹೆಂಡತಿ ತೀರಿಕೊಂಡಾಗ ಅದೇ ಮಾತಿನಲ್ಲಿ ಸಮಾಧಾನವನ್ನೂ ಹೇಳುತ್ತಾಳೆ. ಪುಸ್ತಕದ ಅತ್ಯುತ್ತಮ ಭಾಗ ಅದು. ಆಗ ಓದದೆ ಬಿಟ್ಟ ಅರ್ಧದಲ್ಲಿ ಇಂಥದ್ದು ಕೂತಿತ್ತಲ್ಲ ಎಂದುಕೊಂಡು, ಕಪಾಟಿನಲ್ಲಿದ್ದ ನನ್ನ ಹಳೆಯ ಪ್ರತಿಯನ್ನು ತೆಗೆದೆ.

ಅದರಲ್ಲಿ ನಲವತ್ತೆಂಟನೆಯ ಪುಟದ ಎದುರಿಗೇ ಅರವತ್ತೈದನೆಯ ಪುಟ.

ಮೊದಲು ಹಾಳೆ ಅಂಟಿಕೊಂಡಿದೆಯೇನೋ ಎಂದು ಉಗುರಿನಿಂದ ಬಿಡಿಸಲು ನೋಡಿದೆ. ಇಲ್ಲ. ಹದಿನಾರು ಪುಟದ ಒಂದು ಕಟ್ಟು, ಪ್ರೆಸ್ಸಿನವರು ಒಂದು ಫಾರಂ ಎನ್ನುತ್ತಾರೆ, ಬೈಂಡ್ ಮಾಡುವಾಗ ಬಿಟ್ಟೇಹೋಗಿತ್ತು. ನಲವತ್ತೆಂಟರ ಕವಿತೆ ಅರ್ಧಕ್ಕೆ ನಿಂತು, ಅರವತ್ತೈದರಲ್ಲಿ ಬೇರೆ ಕವಿತೆಯ ನಡುಭಾಗ ಶುರುವಾಗುತ್ತಿತ್ತು. ಪುಸ್ತಕ ಕೈಯಲ್ಲಿದ್ದ ಯಾರಿಗಾದರೂ, ಆ ಪುಟಕ್ಕೆ ಬಂದರೆ, ಗೊತ್ತಾಗದೆ ಇರುವ ಹಾಗೇ ಇಲ್ಲ. ನಾನು ಆ ಪುಟಕ್ಕೆ ಬಂದಿರಲಿಲ್ಲ.

ಫೈಲಿನ ಉಳಿದ ತುಣುಕುಗಳನ್ನು ಹರಡಿಕೊಂಡು ಒಂದೊಂದನ್ನೇ ಓದಿದೆ. ತಾಯಿಯ ಕವಿತೆಯ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಎಲ್ಲರೂ ಲಿಫ್ಟಿನ ಕವಿತೆಯನ್ನು ಹೊಗಳಿದ್ದರು, ನಾನು ಹೊಗಳಿದ್ದ ಸಾಲುಗಳನ್ನೇ. ಬೆಂಗಳೂರಿನ ಒಬ್ಬ ಹಿರಿಯ ವಿಮರ್ಶಕರು ಮೊದಲ ಪುಟದಿಂದ ಕೊನೆಯ ಪುಟದ ತನಕ ಎಲ್ಲೂ ಕಡಿಯದ ಓಘ ಇಲ್ಲಿದೆ ಎಂದಿದ್ದರು. ನಗು ಬರಬೇಕಿತ್ತು. ಬರಲಿಲ್ಲ. ಸಂಜೆ ಗಂಡ ಆಫೀಸಿನಿಂದ ಬಂದು, "ಏನು, ಹುಷಾರಿಲ್ವಾ?" ಎಂದು ಕೇಳಿದರು. ಇಲ್ಲ, ಓದ್ತಾ ಇದ್ದೆ ಎಂದೆ.

ಟ್ರಸ್ಟಿನ ಸಭೆ ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಅಧ್ಯಕ್ಷರು ಹಿಂದಿ ಪ್ರಾಧ್ಯಾಪಕರಾಗಿದ್ದು ನಿವೃತ್ತರಾದವರು, ಮೆಲುದನಿಯ ಮನುಷ್ಯ. ಪ್ರತಿ ಭಾಷೆಯವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಮಾತಾಡಿಸುತ್ತಿದ್ದರು. ಚಹಾ ಕೊಟ್ಟರು. ನಾನು ಕೂತ ತಕ್ಷಣ ಹೇಳಿಬಿಟ್ಟೆ.

"ಸರ್, ಈ ಫೈಲಿನ ಮೊದಲನೇ ವಿಮರ್ಶೆ ನಾನು ಬರೆದದ್ದು. ಅದನ್ನು ತೆಗೆದುಬಿಡಿ."

"ಯಾಕೆ? ಅದನ್ನು ನೋಡಿಯೇ ನಿಮ್ಮನ್ನು ಕರೆದದ್ದು."

"ಬರೆಯುವಾಗ ನಾನು ಪುಸ್ತಕ ಪೂರ್ತಿ ಓದಿರಲಿಲ್ಲ. ನನ್ನ ಪ್ರತಿಯಲ್ಲಿ ಹದಿನಾರು ಪುಟ ಇರಲೇ ಇಲ್ಲ. ಅದು ಕೂಡ ನನಗೆ ಮೊನ್ನೆ ಗೊತ್ತಾಯಿತು. ಉಳಿದವರಿಗೂ ಗೊತ್ತಾದ ಹಾಗಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

"ಮೇಡಂ, ಇಷ್ಟೊಂದು ಭಾಷೆಗಳಲ್ಲಿ ನನಗೆ ಬರುವುದು ಎರಡು. ಉಳಿದ ಭಾಷೆಗಳಲ್ಲಿ ಯಾವುದು ಒಳ್ಳೆಯದು ಎಂದು ನಾನು ಹೇಗೆ ತಿಳಿಯಲಿ? ಪತ್ರಿಕೆಯಲ್ಲಿ ಬಂದದ್ದನ್ನು ನಂಬುತ್ತೇನೆ. ಅದನ್ನೂ ನಂಬಬೇಡಿ ಎಂದರೆ, ಯಾರು ಯಾರಿಗೆ ಫೋನ್ ಮಾಡಿಸುತ್ತಾರೋ ಅವರದ್ದನ್ನು ನಂಬಬೇಕಾಗುತ್ತದೆ. ಮುಂಚೆ ಹಾಗೇ ಇತ್ತು. ಆ ಗಲಾಟೆ ಬೇಡವೆಂದೇ ಈ ನಿಯಮ ಮಾಡಿದ್ದು." ಚಹಾ ಮುಗಿಸಿ ಕೇಳಿದರು: "ಈಗ ಪೂರ್ತಿ ಓದಿದ್ದೀರಲ್ಲ? ಮೂರರಲ್ಲಿ ಯಾವುದು ಒಳ್ಳೆಯದು?"

ಉಳಿದೆರಡರಲ್ಲಿ ಒಂದು ನಿವೃತ್ತ ಅಧಿಕಾರಿಯೊಬ್ಬರದು, ಇನ್ನೊಂದು ಪ್ರಸಿದ್ಧರೊಬ್ಬರು ಹಳೆಯ ಕವಿತೆಗಳಿಗೆ ಹೊಸ ಮುಖಪುಟ ಹಾಕಿದ್ದು. ಆತ್ಮಸಾಕ್ಷಿಯಿಂದ ಹೇಳಬೇಕೆಂದರೂ ಯುವಕನದೇ ಮೊದಲು. ತಾಯಿಯ ಕವಿತೆಯನ್ನು ಓದಿದ ಮೇಲಂತೂ ಅನುಮಾನವಿರಲಿಲ್ಲ. ಹಾಗೆಂದೆ.

"ಮತ್ತೆ ತೊಂದರೆ ಏನು?"

"ಇದಕ್ಕಿಂತ ಒಳ್ಳೆಯದು ಇನ್ನೊಂದಿದೆ," ಎಂದು ರೋಹಿಣಿಯ ಅಕ್ಕನ ಪುಸ್ತಕವನ್ನು ಬ್ಯಾಗಿನಿಂದ ತೆಗೆದು ಮುಂದಿಟ್ಟೆ. ಅವರು ದೀಪದ ಮುಖಪುಟವನ್ನು ನೋಡಿದರು, ಓದಲು ಬಾರದ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಮಳೆಯ ಸಾಲುಗಳನ್ನು ನಾನು ಹಿಂದಿಯಲ್ಲಿ ಹೇಳಿದೆ. ಅವರು ತಲೆದೂಗಿದರು. "ಇದಕ್ಕೆ ವಿಮರ್ಶೆ ಎಷ್ಟು ಬಂದಿದೆ?"

"ಒಂದೂ ಇಲ್ಲ."

"ಹದಿನೈದು ದಿನ ಫೈಲು ತೆರೆದಿಟ್ಟಿರುತ್ತೇನೆ. ಎರಡು ಬೇಡ, ಒಂದು ತನ್ನಿ. ಅಚ್ಚಾದ ಪತ್ರಿಕೆಯಲ್ಲಿ. ಅಷ್ಟನ್ನು ನಾನು ಮಾಡಬಲ್ಲೆ."

ಆ ಹದಿನೈದು ದಿನ ನಾನು ಓಡಾಡಿದಷ್ಟು ಯಾವ ಪುಸ್ತಕಕ್ಕೂ ಓಡಾಡಿಲ್ಲ. ಸಂಪಾದಕಿಗೆ ವಿಷಯವೆಲ್ಲ ಬಿಡಿಸಿ ಹೇಳಿದೆ. ಅವಳು ಗಮನವಿಟ್ಟು ಕೇಳಿ, "ದೀದಿ, ಈಗಂತೂ ಆಗೋದೇ ಇಲ್ಲ. ನೀವು ತೀರ್ಪುಗಾರರು. ನೀವೇ ಬರೆದರೆ ನಾಳೆ ಪತ್ರಿಕೆಯ ಮೇಲೆ ಮಾತು ಬರುತ್ತದೆ," ಎಂದಳು. ಬೇರೆಯವರ ಹತ್ತಿರ ಬರೆಸು ಎಂದೆ. "ನಮ್ಮಲ್ಲಿ ಕನ್ನಡ ಓದುವವರು ನಿಮ್ಮನ್ನು ಬಿಟ್ಟು ಯಾರಿದ್ದಾರೆ?" ಎಂದಳು. ಅದೂ ನಿಜ.

ಬೆಂಗಳೂರಿನ ಪತ್ರಿಕೆಯೊಂದರ ಪುರವಣಿ ನೋಡಿಕೊಳ್ಳುವವರು ನನಗೆ ಹಳೆಯ ಪರಿಚಯ. ಅವರಿಗೆ ಫೋನ್ ಮಾಡಿದೆ.

"ಪುಸ್ತಕ ಕಳಿಸಿ ಮೇಡಂ, ಖಂಡಿತ ನೋಡ್ತೀವಿ. ಆದ್ರೆ ಈಗ ಮೂರು ತಿಂಗಳ ಕ್ಯೂ ಇದೆ," ಎಂದರು. "ಅದೂ ಅಲ್ಲದೆ ದೆಹಲಿ ಕವಿಯದ್ದು ನಾವು ಆಗ್ಲೇ ಒಂದು ಮಾಡಿದ್ವಲ್ಲ. ನಿಮಗೆ ಗೊತ್ತಿರ್ಬೇಕು, ಆ ಹೊಸ ಕಿವಿ."

ಗೊತ್ತಿದೆ ಎಂದೆ.

ಹದಿನಾರನೆಯ ದಿನ ಮೂರು ಪುಸ್ತಕಗಳ ಮೇಲೆ ನನ್ನ ವರದಿ ಬರೆದು ಕಳಿಸಿದೆ. ಯುವಕನ ಹೆಸರು ಮೊದಲು. ತಾಯಿಯ ಕವಿತೆಯ ಬಗ್ಗೆ ಎರಡು ಪುಟ ಬರೆದಿದ್ದೆ. ಡಿಸೆಂಬರಿನಲ್ಲಿ ಪ್ರಶಸ್ತಿ ಘೋಷಣೆಯಾಯಿತು. ಪ್ರಶಸ್ತಿ ಪತ್ರದಲ್ಲಿ ಆ ಎರಡು ಪುಟದ ಸುಳಿವೇ ಇರಲಿಲ್ಲ. ಹಳದಿ ಗೆರೆ ಎಳೆದಿದ್ದ ವಾಕ್ಯವನ್ನೇ ಹಿಂದಿಗೆ ಅನುವಾದಿಸಿ ವೇದಿಕೆಯ ಮೇಲೆ ಓದಿದರು. ನಾನು ಐದನೇ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಚಹಾದ ಹೊತ್ತಿಗೆ ಯುವಕ ನನ್ನನ್ನು ಹುಡುಕಿಕೊಂಡು ಬಂದ. ಕುತ್ತಿಗೆಯಲ್ಲಿ ಇನ್ನೂ ಶಾಲು ಇತ್ತು, ಇಬ್ಬರೂ ಹುಲ್ಲುಹಾಸಿನ ಅಂಚಿಗೆ ಸರಿದು ಬಿಸಿಲಿನಲ್ಲಿ ನಿಂತೆವು.

"ಮೇಡಂ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳಿ."

"ನಿಮಗೆ ಬಂದ ಕಾಪಿಯಲ್ಲಿ ನಲವತ್ತೆಂಟಾದ ಮೇಲೆ ಯಾವ ಪುಟ ಇತ್ತು?"

"ಅರವತ್ತೈದು," ಎಂದೆ.

"ಎಲ್ಲ ಪೇಪರಿಗೂ ಪುಟ ಬಿಟ್ಟುಹೋದ ಕಾಪಿಗಳೇ ಹೋಗಿದ್ವು. ಬೈಂಡಿಂಗಿನವರು ಆಮೇಲೆ ಹೇಳಿದ್ರು. ನನಗೆ ಜೀವವೇ ಹೋದ ಹಾಗಾಯ್ತು. ಎಲ್ರಿಗೂ ಬೇರೆ ಕಾಪಿ ಕಳಿಸೋಣ ಅಂತ ಪಬ್ಲಿಷರಿಗೆ ಹೇಳ್ಬೇಕು ಅನ್ನೋಷ್ಟರಲ್ಲಿ ನಿಮ್ಮ ರಿವ್ಯೂ ಬಂತು. ಆಮೇಲೆ ಇನ್ನೊಂದು. ಎಲ್ಲ ಚೆನ್ನಾಗೇ ಇತ್ತು." ಆತ ಶಾಲನ್ನು ತೆಗೆದು ಮಡಚತೊಡಗಿದ. "ಯಾಕೆ ಸುಮ್ಮನೆ ಎಬ್ಬಿಸೋದು ಅಂತ ಬಿಟ್ಟೆ. ಆದ್ರೆ ಪ್ರತಿ ಸಲ ಒಂದು ರಿವ್ಯೂ ಬಂದಾಗ್ಲೂ ಅಮ್ಮನ ಪದ್ಯದ ಬಗ್ಗೆ ಏನಾದ್ರೂ ಇದೆಯಾ ಅಂತ ಹುಡುಕ್ತಿದ್ದೆ. ಅದನ್ನು ಬರೆಯೋಕೆ ನನಗೆ ಎರಡು ವರ್ಷ ಹಿಡಿದಿತ್ತು. ಉಳಿದವು ಹಾಗಲ್ಲ. ಇವತ್ತು ಸ್ಟೇಜ್ ಮೇಲೆ ಓದಿದ್ದು ಯಾವುದಕ್ಕೆ ಅಂತಾನೇ ನನಗೆ ಗೊತ್ತಾಗ್ಲಿಲ್ಲ."

"ನಾನು ಪೂರ್ತಿ ಓದದೇ ಬರೆದೆ. ತಪ್ಪು ನನ್ನದು," ಎಂದೆ. "ಈಗ ಓದಿದ್ದೀನಿ. ತರಕಾರಿಯವನ ಹೆಂಡತಿ ಸತ್ತ ಭಾಗವನ್ನು ಮೂರು ಸಲ ಓದಿದೆ."

ಆತನ ಮುಖ ಒಂದು ಕ್ಷಣ ಅರಳಿತು. ಶಾಲು ಹಾಕಿದಾಗಲೂ ಅಷ್ಟು ಅರಳಿರಲಿಲ್ಲ. ನಾನು ಬ್ಯಾಗಿನಿಂದ ಅಕ್ಕನ ಪುಸ್ತಕ ತೆಗೆದು ಕೊಟ್ಟೆ. ಯಾಕೆ ಕೊಡುತ್ತಿದ್ದೇನೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಆತ ನಿಂತಲ್ಲೇ ಎರಡು ಪುಟ ಓದಿ, "ಇದು ನನ್ನ ಜೊತೆ ಇರ್ಬೇಕಿತ್ತಾ ಲಿಸ್ಟಿನಲ್ಲಿ?" ಎಂದ.

"ಇರಬೇಕಿತ್ತು."

"ಇದ್ದಿದ್ರೆ ನನಗೆ ಬರ್ತಿರ್ಲಿಲ್ಲ," ಎಂದು ಪುಸ್ತಕವನ್ನು ಜೇಬಿಗೆ ಸೇರಿಸಿಕೊಂಡ.

ಫೆಬ್ರವರಿಯಲ್ಲಿ ಆತ ಒಂದು ಅಂತರ್ಜಾಲ ಪತ್ರಿಕೆಯಲ್ಲಿ ಆ ಪುಸ್ತಕದ ಬಗ್ಗೆ ಬರೆದ. ಕವಿತೆ ಕವಿತೆಯನ್ನು ಹಿಡಿದು, ನಿಧಾನವಾಗಿ, ಒಂದೂ ಜಂಬದ ಮಾತಿಲ್ಲದೆ ಬರೆದಿದ್ದ. ನಾನು ಹದಿಮೂರು ವರ್ಷದಲ್ಲಿ ಬರೆಯಲಾಗದ ವಿಮರ್ಶೆ ಅದು. ಎಷ್ಟು ಜನ ಓದಿದರೋ ಗೊತ್ತಿಲ್ಲ. ಅದನ್ನು ಓದಿದ ಮೇಲೆ ನನಗೆ ರೋಹಿಣಿಗೆ ಹೋಗದೆ ಬೇರೆ ದಾರಿ ಉಳಿಯಲಿಲ್ಲ.

ಮೊದಲೇ ಫೋನ್ ಮಾಡಿ ಒಂದು ಭಾನುವಾರ ಮೂರು ಗಂಟೆಗೆ ಹೋದೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಅಕ್ಕ ಒಂದು ರಾಶಿ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಅವರ ಗಂಡ ಪೇಪರು ಓದುತ್ತಿದ್ದರು. ನನ್ನನ್ನು ನೋಡಿ ನಕ್ಕು, ಕೂರಲು ಜಾಗ ಬಿಟ್ಟು ಹೊರಗೆ ಹೋದರು.

ನಾನು ಎಲ್ಲವನ್ನೂ ಹೇಳಿದೆ. ಮೆಟ್ರೋದಲ್ಲಿ ಓದಿದ್ದು, ಸಂಪಾದಕಿ ಬೇಡವೆಂದದ್ದು, ನಾನು ಸುಮ್ಮನಾದದ್ದು, ಟ್ರಸ್ಟು, ಹದಿನೈದು ದಿನ. ಅವರು ಕೈಕೆಲಸ ನಿಲ್ಲಿಸದೆ ಕೇಳಿಸಿಕೊಂಡರು. ಇಂಥ ಸಂದರ್ಭದಲ್ಲಿ ಹಿರಿಯರು ಹೇಳುವ ಮಾತೊಂದಿದೆಯಲ್ಲ, ನನಗೆ ಅದೆಲ್ಲ ಬೇಕಿರಲಿಲ್ಲ ಎಂದು. ಅದನ್ನು ಅವರು ಹೇಳಿಯಾರು ಎಂದು ಕಾಯುತ್ತಿದ್ದೆ. ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಬೇಕಿತ್ತು ಮಾರಾಯ್ರೆ ನನಗೆ," ಎಂದರು. "ಬೇಡ ಅಂತ ಹೇಳಲಿಕ್ಕೆ ನಾನೇನು ಸನ್ಯಾಸಿಯಾ? ನಲವತ್ತು ವರ್ಷ ಆಯ್ತು ಬರೆಯಲಿಕ್ಕೆ ಶುರುಮಾಡಿ. ನೀವು ಓದಿದ್ದೀರಿ ಅಂತ ಸಹ ನನಗೆ ಗೊತ್ತಿಲ್ಲ. ಒಂದು ಫೋನು ಮಾಡಬಹುದಿತ್ತಲ್ಲ ನೀವು, ಚೆಂದ ಉಂಟು ಅಂತ?"

"ಮಾಡಬೇಕಿತ್ತು ಅಕ್ಕ."

"ಎಂತಕ್ಕೆ ಮಾಡಲಿಲ್ಲ?"

"ಬರೆಯೋಕೆ ಆಗ್ಲಿಲ್ಲ, ಅದಕ್ಕೆ. ಬರೀ ಫೋನ್ ಮಾಡೋಕೆ ಮುಖ ಇರ್ಲಿಲ್ಲ."

ಅವರು ಇನ್ನಷ್ಟು ಬೀನ್ಸಿನ ನಾರು ತೆಗೆದರು. ಒಳಗೆ ಗ್ರೈಂಡರ್ ತಿರುಗುತ್ತಿತ್ತು. ಆಮೇಲೆ ಅವರೇ ಮಾತು ತಿರುಗಿಸಿದರು. ಯಾರೋ ಕಳಿಸಿದ ಆ ಯುವಕನ ಬರಹವನ್ನು ಸೊಸೆ ತನ್ನ ಫೋನಿನಲ್ಲಿ ತೋರಿಸಿದಳಂತೆ. ಸೊಸೆ ದೆಹಲಿಯಲ್ಲೇ ಬೆಳೆದವಳು, ಕನ್ನಡ ಓದಲು ಬಾರದು. ಅತ್ತೆಯೇ ಗಟ್ಟಿಯಾಗಿ ಓದಿ ಹೇಳಿದರಂತೆ. ಅವಳು ಪೂರ್ತಿ ಕೇಳಿ, "ಮಮ್ಮೀಜಿ, ಯೇ ಸಬ್ ಆಪ್ ನೇ ಲಿಖಾ?" ಎಂದಳಂತೆ, ಇದೆಲ್ಲ ನೀವೇ ಬರೆದದ್ದಾ ಎಂದು. ಏಳು ವರ್ಷದಿಂದ ಒಂದೇ ಮನೆಯಲ್ಲಿದ್ದಾರೆ.

"ಪೇಪರಿನಲ್ಲಿ ಬಂದಿದ್ದರೆ ಕತ್ತರಿಸಿ ಇಟ್ಟುಕೊಳ್ಳಬಹುದಿತ್ತು," ಎಂದರು. "ಆದರೂ ಆ ಹುಡುಗ ಚೆಂದ ಓದಿದ್ದಾನೆ. ಒಂದು ಕಡೆ ನಾನು ಸುಳ್ಳು ಬರೆದದ್ದು ಉಂಟು, ಪದ ಚೆಂದ ಅಂತ ಹಾಕಿದ್ದು. ಅದನ್ನು ಹಿಡಿದಿದ್ದಾನೆ."

ಕಾಫಿ ಬಂತು. ಕುಡಿದು ಲೋಟ ಇಟ್ಟ ಮೇಲೆ ಅಕ್ಕ ಒಳಗೆ ಹೋಗಿ ಒಂದು ರೂಲ್ಡ್ ನೋಟ್‌ಬುಕ್ ತಂದರು. ಹೊಸ ಕವಿತೆಗಳು. ಎರಡನೆಯ ಪುಸ್ತಕ ಮಾಡಬೇಕೆಂದಿದ್ದಾರೆ, ಅದನ್ನೂ ಸ್ವಂತ ಖರ್ಚಿನಲ್ಲೇ. ಮಗ ಒಪ್ಪಿದ್ದಾನೆ.

"ಇದಕ್ಕೆ ನೀವೇ ಮುನ್ನುಡಿ ಬರೆಯಬೇಕು," ಎಂದರು.

"ಮುನ್ನುಡಿ ಬರೆದರೆ ಆಮೇಲೆ ನಾನು ಇದರ ವಿಮರ್ಶೆ ಬರೆಯೋ ಹಾಗಿಲ್ಲ ಅಕ್ಕ. ಪತ್ರಿಕೆಯವರು ಒಪ್ಪೋದಿಲ್ಲ."

"ಮುನ್ನುಡಿ ಬರೆಯದಿದ್ದರೆ? ವಿಮರ್ಶೆ ಬರ್ತದೆ ಅಂತ ಗ್ಯಾರಂಟಿ ಉಂಟಾ?"

ಸಂಪಾದಕಿಯ ಹೊಸ ಸುದ್ದಿ ನನಗೆ ಆಗಲೇ ಗೊತ್ತಿತ್ತು. ಏಪ್ರಿಲಿನಿಂದ ಶನಿವಾರದ ಪುಟ ಅರ್ಧವಾಗುತ್ತದೆ. ಭಾಷಾ ಪುಸ್ತಕಗಳಿಗೆ ನಾನೂರು ಪದದ ಬದಲು ಎಂಬತ್ತು ಪದ, ಪಕ್ಕದಲ್ಲಿ ಐದರಲ್ಲಿ ಎಷ್ಟು ನಕ್ಷತ್ರ ಎಂಬ ಗುರುತು. ನಾನು ಬರೆಯುತ್ತೇನೋ ಇಲ್ಲವೋ ಇನ್ನೂ ಹೇಳಿಲ್ಲ.

"ಇಲ್ಲ," ಎಂದೆ.

"ಹಾಗಾದರೆ ಮುನ್ನುಡಿಯೇ ಆಗಲಿ," ಎಂದು ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿ, ಉಳಿದ ಬೀನ್ಸನ್ನು ಹತ್ತಿರಕ್ಕೆ ಎಳೆದುಕೊಂಡರು. "ಗಡಿಬಿಡಿ ಇಲ್ಲ. ಪೂರ್ತಿ ಓದಿಯೇ ಬರೆಯಿರಿ."

ಅವರು ಅದನ್ನು ಚುಚ್ಚಿ ಹೇಳಲಿಲ್ಲ. ಹಿಟ್ಟು ಪೂರ್ತಿ ಹುದುಗಲಿ ಎಂದು ಹೇಳುವ ದನಿಯಲ್ಲೇ ಹೇಳಿದರು. ನೋಟ್‌ಬುಕ್ ಮನೆಗೆ ಬಂದು ಐದು ವಾರವಾಯಿತು. ಎಲ್ಲ ಕವಿತೆಗಳನ್ನೂ ಎರಡು ಸಲ ಓದಿದ್ದೇನೆ, ಕೆಲವನ್ನು ಇನ್ನೂ ಹೆಚ್ಚು. ಮುನ್ನುಡಿ ಒಂದೂವರೆ ಪುಟ ಆಗಿದೆ. ನಿನ್ನೆ ಅದರಿಂದ ಅರ್ಧ ಪುಟ ಹೊಡೆದುಹಾಕಿದೆ. ಅದು ಯಾವ ಪುಸ್ತಕಕ್ಕೆ ಬೇಕಾದರೂ ಹೊಂದುತ್ತಿತ್ತು. ನಾಳೆ ಸೋಮವಾರ, ಬೆಳಿಗ್ಗೆ ಏಳೂವರೆಗೆ ಕಾರು ಬರುತ್ತದೆ. ನೋಟ್‌ಬುಕ್ಕನ್ನು ಹಿಂದಿನ ಸೀಟಿನಲ್ಲಿ ಓದಲು ಕಾರಿಗೆ ಒಯ್ಯುವುದಿಲ್ಲ.